ಸ್ಕಿನ್ ಮತ್ತು ಲಿವರಿ: ಬಸ್ ಆಟಗಳ ಮೈಬಣ್ಣದ ಚರಿತ್ರೆ

ಕಂಪ್ಯೂಟರ್ ಆಟದ ವಾಹನವನ್ನೋ ಅದರ ಬಿಡಿಭಾಗವನ್ನೋ ಆಕಾರ ಕೆಡಿಸದೆ ಹಾಗೆಯೇ ಇಟ್ಟು, ಮೇಲ್ಮೈಯ ಚಿತ್ರವನ್ನು ಮಾತ್ರ ಆಟಗಾರರೇ ಬದಲಿಸುವ ಕೆಲಸಕ್ಕೆ ಸ್ಕಿನ್ ಮಾಡುವುದು ಎನ್ನುತ್ತಾರೆ. ಬಸ್ಸು ಲಾರಿಗಳ ಆಟದಲ್ಲಿ ಇದಕ್ಕೆ ಲಿವರಿ ಎಂಬ ಹೆಸರಿದೆ. ಇದನ್ನು ಹುಡುಗರ ಅಲಂಕಾರದ ಹುಚ್ಚೆಂದು ತಳ್ಳಿಹಾಕುವವರು ಬಹಳ. ಆದರೆ ಕರ್ನಾಟಕದ ಮಟ್ಟಿಗೆ ಇದನ್ನು ರಸ್ತೆಯ ದಾಖಲೆಯ ಒಂದು ರೂಪವೆಂದೇ ಎಣಿಸಬೇಕು. ಮೂರು ಆಯಾಮದ ಆಕೃತಿಗೆ ಚಿತ್ರವನ್ನು ಹೊದಿಸುವ ವಿಧಾನವನ್ನು ಎಡ್ವಿನ್ ಕ್ಯಾಟ್‌ಮಲ್ ಅವರು 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದರು. ಅದು ಆಟಗಾರರ ಕೈಗೆ ಬಂದದ್ದಕ್ಕೆ ಕಾರಣ ಬೇರೆ. 1993ರ ಡೂಮ್ ಆಟದಲ್ಲಿ ಐಡಿ ಸಾಫ್ಟ್‌ವೇರ್ ಸಂಸ್ಥೆ ಚಿತ್ರ, ಧ್ವನಿ, ನಕ್ಷೆಗಳನ್ನು ಮೂಲ ಪ್ರೋಗ್ರಾಮಿನಿಂದ ಬೇರ್ಪಡಿಸಿ ಪ್ರತ್ಯೇಕ ಫೈಲಿನಲ್ಲಿಟ್ಟಿತು. ಪ್ರೋಗ್ರಾಮ್ ಮುಟ್ಟದೆ ಚಿತ್ರ ಬದಲಿಸಬಹುದು ಎಂದಾದದ್ದೇ ಈ ಕಲೆಯ ನಿಜವಾದ ಆರಂಭ. 1996ರ ಕ್ವೇಕ್‌ನಲ್ಲಿ ಆಟಗಾರರ ಸ್ಕಿನ್‌ಗಳು ಹರಡಿದವು. 2012ರ ಯೂರೋ ಟ್ರಕ್ ಸಿಮ್ಯುಲೇಟರ್ 2 ಲಾರಿಗಳ ಬಣ್ಣವನ್ನು ಈ ಹವ್ಯಾಸದ ನಡುವಿಗೆ ತಂದಿತು.

ನಮ್ಮ ಕಡೆ ಇದನ್ನು ಮನೆಮನೆಗೆ ತಂದದ್ದು ಮಾತ್ರ ಮೊಬೈಲ್. ಇಂಡೊನೇಷ್ಯಾದ ಮಾಲಿಯೊ ಸಂಸ್ಥೆ 2017ರಲ್ಲಿ ಹೊರತಂದ ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ ಆಟದಲ್ಲಿ ಯಾರು ಬೇಕಾದರೂ ತಮ್ಮ ಲಿವರಿ ಹಾಕಬಹುದು. ಇಂಡೊನೇಷ್ಯಾದಲ್ಲೂ ವಾಹನಗಳು ಓಡುವುದು ರಸ್ತೆಯ ಎಡಬದಿಯಲ್ಲೇ, ಚಾಲಕ ಕೂರುವುದು ಬಲಕ್ಕೇ. ಹಾಗಾಗಿ ಅಲ್ಲಿನ ಬಸ್ಸಿಗೆ ನಮ್ಮ ಬಣ್ಣ ಸಲೀಸಾಗಿ ಒಗ್ಗಿತು. ಐರಾವತ, ರಾಜಹಂಸ, ಕರ್ನಾಟಕ ಸಾರಿಗೆಯ ಕೆಂಪು ಬಸ್ಸು, ಕೇರಳದ ಟೂರಿಸ್ಟ್ ಬಸ್ಸು ಎಲ್ಲವೂ ಆ ಪರದೆಗೆ ಬಂದವು.

ಇದು ಬರೀ ನಕಲು ಎಂಬುದು ಮೊದಲ ಆಕ್ಷೇಪ. ಕೆಲಸದ ಬಗೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಬಸ್ಸಿನ ಮಾದರಿಯನ್ನು ರಟ್ಟಿನ ಪೆಟ್ಟಿಗೆ ಬಿಚ್ಚಿದಂತೆ ಚಪ್ಪಟೆಯಾಗಿ ಹರಡಿದ ಒಂದು ಹಾಳೆ ಇರುತ್ತದೆ. ಎರಡು ಪಕ್ಕ, ಮುಂಭಾಗ, ಹಿಂಭಾಗ, ಮೇಲ್ಛಾವಣಿಗೆ ಅದರಲ್ಲಿ ಬೇರೆ ಬೇರೆ ಜಾಗ. ಓರೆಯಾಗಿ ತೆಗೆದ ಫೋಟೊದಲ್ಲಿ ಕಂಡ ಪಟ್ಟೆಯನ್ನು ನೇರಮಾಡಿ, ಕಿಟಕಿಗಳ ಅಳತೆಗೆ ಕೂಡಿಸಿ, ಮೂಲೆಯಲ್ಲಿ ಪಕ್ಕದ ಗೆರೆ ಹಿಂಭಾಗದ ಗೆರೆಯನ್ನು ಸೇರುವ ಹಾಗೆ ಬರೆಯಬೇಕು. ಎರಡೂ ಪಕ್ಕಕ್ಕೆ ಒಂದೇ ಚಿತ್ರವನ್ನು ಬಳಸುವ ಮಾದರಿಯಾದರೆ ಒಂದು ಬದಿಯ ಕನ್ನಡ ಅಕ್ಷರಗಳು ತಿರುಗುಮುರುಗಾಗಿ ಬೀಳುತ್ತವೆ. ಬಸ್ಸಿನ ನಾಲ್ಕೂ ಮಗ್ಗುಲನ್ನು ನೋಡಿ ತಿಳಿಯದೆ ಈ ಹಾಳೆ ತುಂಬುವುದಿಲ್ಲ. ಒಂದೇ ಕಡೆಯಿಂದ ತೆಗೆದ ಫೋಟೊ ಅಷ್ಟನ್ನು ಹೇಳಲಾರದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಸ್ಕಿನ್ ಸುಳ್ಳು ಹೇಳಬಲ್ಲದು. ಎಂದೂ ಓಡದ ಬಸ್ಸಿಗೆ ಯಾರದೋ ಹೆಸರು ಬರೆಯಬಹುದು. ಸಂಸ್ಥೆಯ ಲಾಂಛನ ಹಾಕುವಾಗ ಹಕ್ಕಿನ ಪ್ರಶ್ನೆಯೂ ಏಳುತ್ತದೆ. ಇದು ಒಪ್ಪತಕ್ಕ ಮಾತು. ವರ್ಷ, ಮಾರ್ಗ, ಆಧಾರದ ಫೋಟೊ ಯಾವುದೆಂದು ಬರೆದಿಡದ ಲಿವರಿಯನ್ನು ದಾಖಲೆ ಎನ್ನಲಾಗದು, ಮಾರುವುದಕ್ಕೆಂದು ಮಾಡಿದ್ದನ್ನು ಸಮರ್ಥಿಸುವುದೂ ಕಷ್ಟ. ಆದರೂ ರಸ್ತೆಯ ಬಣ್ಣ ಎಷ್ಟು ಬೇಗ ಅಳಿಯುತ್ತದೆ ಎಂಬುದನ್ನು ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ ವಡಕ್ಕಂಚೇರಿಯಲ್ಲಿ ಟೂರಿಸ್ಟ್ ಬಸ್ಸಿನ ಅಪಘಾತವಾದ ಮೇಲೆ ಕೇರಳ ಸರ್ಕಾರ ಟೂರಿಸ್ಟ್ ಬಸ್ಸುಗಳಿಗೆ ಬಿಳಿ ಬಣ್ಣದ ನಿಯಮವನ್ನು ಬಿಗಿಗೊಳಿಸಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹಳೆಯ ಚಿತ್ತಾರ ನೋಡಬೇಕೆಂದರೆ ಆಮೇಲೆ ಉಳಿದದ್ದು ಫೋಟೊಗಳು ಮತ್ತು ಈ ಆಟ.

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ಈ ಮಾತು ಇನ್ನೂ ಹತ್ತಿರದ್ದು. ಇಲ್ಲಿ ಜನರ ಓಡಾಟ ಬಹುಕಾಲ ನಡೆದದ್ದು ಸರ್ಕಾರಿ ಬಸ್ಸಿಗಿಂತ ಹೆಚ್ಚಾಗಿ ಖಾಸಗಿ, ಸಹಕಾರಿ ಬಸ್ಸುಗಳಲ್ಲಿ. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಬಸ್ ಸಂಸ್ಥೆ ನಿಂತು ಕೆಲಸ ಕಳೆದುಕೊಂಡ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, ಕಾರ್ಮಿಕರೇ ಒಡೆಯರಾಗಿದ್ದ ಅಪರೂಪದ ಸಂಸ್ಥೆ. ಘಟ್ಟದ ಹಳ್ಳಿಹಳ್ಳಿಗೂ ಬಸ್ಸು ಓಡಿಸಿ 2020ರಲ್ಲಿ ನಿಂತುಹೋಯಿತು. ಐರಾವತದ ಬಣ್ಣವನ್ನು ಉಳಿಸಲು ರಾಜ್ಯ ಸಾರಿಗೆ ನಿಗಮವೇ ಇದೆ. ಸಹಕಾರ ಸಾರಿಗೆಯ ಬಸ್ಸು ಹೇಗಿತ್ತೆಂದು ಹೇಳಬೇಕಾದವರು ಅದರಲ್ಲಿ ದುಡಿದವರು, ಓಡಾಡಿದವರು. ಮೊಬೈಲಿನಲ್ಲಿ ಲಿವರಿ ಮಾಡುವ ಮಲೆನಾಡಿನ ಹುಡುಗ ಹುಡುಗಿಯರು ಆ ಚಾಲಕರು, ನಿರ್ವಾಹಕರು ಬದುಕಿರುವಾಗಲೇ ಅವರನ್ನು ಕಂಡು, ಮನೆಯಲ್ಲಿರುವ ಫೋಟೊ ಕೇಳಿ ಪಡೆದು, ಬಣ್ಣದ ಜೊತೆಗೆ ಮಾರ್ಗವನ್ನೂ ವರ್ಷವನ್ನೂ ಬರೆದಿಡಬೇಕು.