ಕೆಂಪು ಸಮುದ್ರದ ತಳದಲ್ಲೊಂದು ಆಕರ: ಥಿಸಲ್‌ಗಾರ್ಮ್ ನೌಕೆ

ಚರಿತ್ರೆಯ ಆಕರಗಳೆಂದೊಡನೆ ನಾವು ಶಾಸನ, ನಾಣ್ಯ, ಕಡತಗಳನ್ನು ನೆನೆಯುತ್ತೇವೆ. ಸಮುದ್ರದ ತಳದಲ್ಲಿ ಬಿದ್ದಿರುವ ಹಡಗು ಸುಲಭವಾಗಿ ನೆನಪಿಗೆ ಬಾರದು. ಆದರೂ ಮುಳುಗಿದ ಹಡಗೆಂಬುದು ಒಂದು ಗಳಿಗೆಯ ಸ್ಥಿತಿಯನ್ನು ಇದ್ದಂತೆಯೇ ಹಿಡಿದಿಟ್ಟ ದಾಖಲೆ. ಅದನ್ನು ಓದಬಲ್ಲವರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಇಳಿಯುವ ಸ್ಕೂಬಾ ಮುಳುಗುಗಾರರು. ಅದನ್ನು ಅಳಿಸುತ್ತಿರುವವರಲ್ಲಿಯೂ ಅವರೇ ಮುಂದು. ಈಜಿಪ್ಟಿನ ಶರ್ಮ್ ಎಲ್ ಶೇಖ್ ಪಟ್ಟಣದಿಂದ ಪ್ರವಾಸಿಗಳು ನೋಡಹೋಗುವ ಥಿಸಲ್‌ಗಾರ್ಮ್ ಎಂಬ ಬ್ರಿಟಿಷ್ ಸರಕು ಹಡಗಿನಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು.

ಇಂಗ್ಲೆಂಡಿನ ಸಂಡರ್ಲೆಂಡಿನಲ್ಲಿ ಕಟ್ಟಲಾದ ಈ ಹಡಗು 1940ರ ಏಪ್ರಿಲಿನಲ್ಲಿ ನೀರಿಗಿಳಿಯಿತು. 1941ರ ಜೂನಿನಲ್ಲಿ ಗ್ಲಾಸ್ಗೋದಿಂದ ಹೊರಟಾಗ ಮೆಡಿಟರೇನಿಯನ್ ಸಮುದ್ರವು ಶತ್ರುಭಯದಿಂದ ಕೂಡಿದ್ದಿತು. ಆದಕಾರಣ ಅದು ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಕೆಂಪು ಸಮುದ್ರವನ್ನು ಸೇರಿತು. ಸರಕು ಉತ್ತರ ಆಫ್ರಿಕಾದ ಬ್ರಿಟಿಷ್ ಸೈನ್ಯಕ್ಕೆ ಉದ್ದಿಷ್ಟವಾದುದು. ಆ ರಣರಂಗದಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ನೂ ಹೋರಾಡುತ್ತಿದ್ದುದನ್ನು ನಮ್ಮ ವಾಚಕರು ಮರೆಯಲಾಗದು. ಲಾರಿಗಳು, ಮೋಟಾರು ಸೈಕಲ್ಲುಗಳು, ಬಂದೂಕುಗಳು, ರಬ್ಬರಿನ ಬೂಟುಗಳು, ಮದ್ದುಗುಂಡುಗಳು ಒಳಗೆ; ಮೇಲಟ್ಟದಲ್ಲಿ ಈಜಿಪ್ಟಿನ ರೈಲ್ವೆಗಾಗಿ ಎರಡು ಉಗಿ ಎಂಜಿನುಗಳು. ಸೂಯೆಜ್ ಕಾಲುವೆಯ ಸರದಿಗಾಗಿ ಶಾಬ್ ಅಲಿ ಎಂಬ ಹವಳದ ದಿಬ್ಬದ ಬಳಿ ಹಡಗು ಲಂಗರು ಹಾಕಿದ್ದಿತು. ಅಕ್ಟೋಬರ್ 6ರ ನಡುರಾತ್ರಿ ಕಳೆದ ಮೇಲೆ ಜರ್ಮನ್ ವಿಮಾನವೊಂದು ಬಾಂಬು ಹಾಕಿತು. ಮದ್ದುಗುಂಡುಗಳು ಸಿಡಿದು ಹಡಗಿನ ಹಿಂಭಾಗ ಹರಿದುಹೋಯಿತು. ನಾಲ್ವರು ನಾವಿಕರೂ ಐವರು ತೋಪುಗಾರರೂ ಮಡಿದರು. ಮೇಲಟ್ಟದ ಮೇಲಿದ್ದ ಆ ಎರಡು ಎಂಜಿನುಗಳು ಇಂದು ಹಡಗಿನಿಂದ ದೂರ ಮರಳಿನ ಮೇಲಿವೆ. ಸ್ಫೋಟದ ಬಲವನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಯಾವ ಕಡತದಲ್ಲಿಯೂ ದೊರೆಯದೆಂದು ನಮ್ಮ ಅಭಿಪ್ರಾಯ.

ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ಎಂಬವರು 1943ರಲ್ಲಿ ರೂಪಿಸಿದ ಉಸಿರಾಟದ ಉಪಕರಣದಿಂದ ಮನುಷ್ಯನು ಮೇಲಿನ ಕೊಳವೆಯ ಹಂಗಿಲ್ಲದೆ ನೀರಿನಡಿ ಸಂಚರಿಸುವಂತಾಯಿತು. 1950ರ ದಶಕದಲ್ಲಿ ಥಿಸಲ್‌ಗಾರ್ಮನ್ನು ಕಂಡುಹಿಡಿದವನೂ ಕೂಸ್ಟೋ. ಆತನೇ ಒಂದು ಮೋಟಾರು ಸೈಕಲ್ಲನ್ನೂ ಕಪ್ತಾನನ ತಿಜೋರಿಯನ್ನೂ ಮೇಲೆತ್ತಿಸಿದನು. ಅಂದರೆ ಶೋಧದೊಡನೆಯೇ ಅಪಹರಣವೂ ಆರಂಭವಾಯಿತು! ಅನಂತರ ಹಡಗು ಬಹುಮಟ್ಟಿಗೆ ಮರೆತುಹೋಗಿ, 1990ರ ದಶಕದ ಆದಿಯಲ್ಲಿ ಪ್ರವಾಸಿ ದೋಣಿಗಳಿಗೆ ಮತ್ತೆ ಗೋಚರವಾಯಿತು.

ಅಂದಿನಿಂದ ಹಾನಿ ಬೆಳೆಯುತ್ತ ಬಂದಿದೆ. ಬಂದವರು ಬಿಡಿಭಾಗಗಳನ್ನು ನೆನಪಿಗೆಂದು ಒಯ್ದರು. ದೋಣಿಗಳ ಹಗ್ಗಗಳನ್ನು ತುಕ್ಕು ಹಿಡಿದ ಹಡಗಿಗೇ ಬಿಗಿದುದರಿಂದ ಭಾಗಗಳು ಕುಸಿದವು. ಮುಳುಗುಗಾರರು ಬಿಟ್ಟ ಉಸಿರು ಸಹ ನಿರಪಾಯಕರವಲ್ಲ. ಅದು ಛಾವಣಿಯಡಿ ಸಿಕ್ಕಿಕೊಂಡು ತುಕ್ಕನ್ನು ಹೆಚ್ಚಿಸುತ್ತದೆ. 2007ರಲ್ಲಿ ಈಜಿಪ್ಟಿನ ಒಂದು ಸಂರಕ್ಷಣಾ ಸಂಸ್ಥೆಯು ಆ ಗಾಳಿ ಹೊರಹೋಗಲು ರಂಧ್ರಗಳನ್ನು ಕೊರೆಯಿಸಿ, ದೋಣಿಗಳನ್ನು ಕಟ್ಟಲು 32 ಬೋಯಾಗಳನ್ನು ಹಾಕಿಸಿತು. ಅವುಗಳ ತೂಕದ ದಿಮ್ಮಿಗಳು ಸಾಲದೆ, 2009ರ ಹೊತ್ತಿಗೆ ಆ ಏರ್ಪಾಡು ಉಳಿಯಲಿಲ್ಲ.

ಇದಕ್ಕೆ ಪರಿಹಾರವಾಗಿ ಕೃತಕ ಬಂಡೆಸಾಲುಗಳನ್ನು, ಎಂದರೆ ಮೀನುಗಳಿಗೂ ಪ್ರವಾಸಿಗಳಿಗೂ ಆಶ್ರಯವಾಗಲೆಂದು ಬೇಕೆಂದೇ ಮುಳುಗಿಸಿದ ಹಡಗುಗಳನ್ನು, ಸೂಚಿಸುವವರುಂಟು. ಅಮೆರಿಕದ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು ಫ್ಲಾರಿಡಾದ ಪೆನ್ಸಕೋಲಾದ ಬಳಿ 2006ರ ಮೇ 17ರಂದು ಹೀಗೆ ಮುಳುಗಿಸಲಾಯಿತು. ಅದಕ್ಕೂ ಚರಿತ್ರೆಯಿದೆ: 1966ರ ಬೆಂಕಿಯಲ್ಲಿ ಅದರ 44 ಮಂದಿ ಸತ್ತರು. ಆದರೆ ಆ ಚರಿತ್ರೆಯು ದಾಖಲೆಗಳಲ್ಲಿ ಉಳಿದಿದೆ. ನೀರಿಗೆ ಹೋದುದು ಮೊದಲೇ ತೆರವುಗೊಳಿಸಿದ ಒಡಲು. ಅಲ್ಲಿ ಸಾವಿರ ಜನ ಇಳಿದರೂ ವಿದ್ವಾಂಸನಿಗೆ ನಷ್ಟವಿಲ್ಲ. ಥಿಸಲ್‌ಗಾರ್ಮಿನ ವಿಷಯದಲ್ಲಿ ಹಾಗೆನ್ನಲಾಗದು. ಲಾರಿಯ ಮೇಲೆ ಮೋಟಾರು ಸೈಕಲ್ಲುಗಳನ್ನು ಹೇಗೆ ಜೋಡಿಸಿದ್ದರು ಎಂಬ ಅಲ್ಪ ಸಂಗತಿಯೂ ಅಲ್ಲಿ ಸಾಕ್ಷ್ಯವೇ. ಒಂದನ್ನು ಸರಿಸಿದರೆ ಒಂದು ವಾಕ್ಯ ಅಳಿಸಿಹೋದಂತೆ.

2017ರಲ್ಲಿ ಸಂಶೋಧಕರು ಸಾವಿರಾರು ಛಾಯಾಚಿತ್ರಗಳನ್ನು ತೆಗೆದು, ಅವನ್ನು ಜೋಡಿಸಿ ಇಡೀ ಹಡಗಿನ ಪ್ರತಿರೂಪವನ್ನು ಸಿದ್ಧಪಡಿಸಿದರು. ಮುಂದಿನ ಹಾನಿಯನ್ನು ಅಳೆಯಲು ಅದೊಂದು ಆಧಾರ. ತಡೆಯಲು ಮಾತ್ರ ಸಾಲದು. ನೀರಿನಡಿಯ ಸಾಂಸ್ಕೃತಿಕ ಸ್ವತ್ತನ್ನು ಕುರಿತ 2001ರ ಯುನೆಸ್ಕೋ ಒಡಂಬಡಿಕೆಯು ನೂರು ವರ್ಷಗಳಾದರೂ ನೀರಿನಲ್ಲಿದ್ದ ಅವಶೇಷಗಳಿಗೆ ಅನ್ವಯಿಸುತ್ತದೆ. ಥಿಸಲ್‌ಗಾರ್ಮ್ ಆ ವಯಸ್ಸನ್ನು ಮುಟ್ಟುವುದು 2041ರ ಅಕ್ಟೋಬರಿನಲ್ಲಿ.