ಬಟಾಟೆವಡೆಯೊಳಗಿನ ದಕ್ಷಿಣ ಅಮೆರಿಕ

ಪಾರ್ಲೆ ಸ್ಟೇಷನ್ನಿನ ಹೊರಗೆ ನಿಂತು ಬಟಾಟೆವಡೆ ತಿನ್ನುವ ನಮ್ಮವರಿಗೆ ಅದರಲ್ಲಿ ಪರದೇಶದ್ದೇನೂ ಕಾಣುವುದಿಲ್ಲ. ಆದರೆ ಒಳಗಿನ ಬಟಾಟೆ ಪೆರು ದೇಶದ ಕಡೆಯ ಬೆಟ್ಟಗಳದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಾಗ ಇವೆರಡೂ ಈ ದೇಶದಲ್ಲಿ ಇರಲಿಲ್ಲ.

ಈ ವಲಸೆಯ ಕಥೆಯನ್ನು ಕನ್ನಡದಲ್ಲಿ ರಸವತ್ತಾಗಿ ಹೇಳಿದವರು ಡಾ. ಬಿ. ಜಿ. ಎಲ್. ಸ್ವಾಮಿ. ಪುಸ್ತಕದ ಹೆಸರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಮುಂಬಯಿ ಕನ್ನಡಿಗರು ಇದನ್ನು ಓದಲು ವಿಶೇಷ ಕಾರಣವೂ ಉಂಟು. ಪಾರ್ಲೆ ಸೇರಿದ ಸಾಷ್ಟಿ ದ್ವೀಪ 1534ರಲ್ಲಿ ಗುಜರಾತಿನ ಬಹಾದ್ದೂರ್ ಶಹನಿಂದ ಪೋರ್ಚುಗೀಸರಿಗೆ ಹೋಯಿತು. ಸುಮಾರು ಇನ್ನೂರು ವರ್ಷಗಳ ಮೇಲೆ ಮರಾಠರು ಅದನ್ನು ಗೆದ್ದರು. ಗೇರು, ಅನಾನಸುಗಳನ್ನು ಹಡಗಿನಲ್ಲಿ ತಂದವರು ಈ ಪೋರ್ಚುಗೀಸರೇ.

ಹೆಸರುಗಳನ್ನೇ ನೋಡಿ. ನಮ್ಮ ಹಿರಿಯರಿಗೆ ಖಾರವೆಂದರೆ ಕಾಳುಮೆಣಸು. ಹೊಸ ಕಾಯಿ ಬಂದಾಗ ಹಳೆಯ ಹೆಸರಿಗೇ ಬಾಲ ಸೇರಿಸಿ ಮೆಣಸಿನಕಾಯಿ ಎಂದರು. ಕಡೆಗೆ ನೆಂಟನೇ ಯಜಮಾನನಾದ! ದಕ್ಷಿಣ ಕನ್ನಡದಲ್ಲಂತೂ ಬರಿಯ 'ಮೆಣಸು' ಎಂದರೆ ಹೊಸದು. ಹಳೆಯದನ್ನು 'ಒಳ್ಳೆಮೆಣಸು' ಎಂದು ಬೇರೆ ಮಾಡಿ ಹೇಳಬೇಕಾಯಿತು. ಪಪಾಯಿಗೆ ಮೈಸೂರು ಕಡೆ ಪರಂಗಿ ಹಣ್ಣು ಎನ್ನುತ್ತಾರೆ. ಪರಂಗಿಯವರು ತಂದ ಹಣ್ಣೆಂಬ ಗುರುತು ಹೆಸರಿನಲ್ಲೇ ಉಳಿದಿದೆ. ಇಲ್ಲಿನ ನಮ್ಮ ಮಕ್ಕಳಿಗೆ ಮಾರುಕಟ್ಟೆಯ 'ಪೇರೂ' ಗೊತ್ತು, ಸೀಬೆ ಗೊತ್ತಿಲ್ಲ. ಮನೆಯಲ್ಲಿ ಆ ಮಾತು ನಿಂತುಹೋದರೆ ಕಲಿಸಲು ಬೇರೆ ಯಾರೂ ಇಲ್ಲ.

ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ನಮ್ಮಂತೆಯೇ ಹೊರನಾಡಿನಲ್ಲಿ ಬಾಳಿದವರು. ಅಲ್ಲಿದ್ದೇ ಕನ್ನಡದಲ್ಲಿ ಬರೆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟಗಳಲ್ಲಿ ಅಲೆದ ಅನುಭವವೇ 'ಹಸುರು ಹೊನ್ನು'. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಚಿತ್ರಗಳನ್ನು ಬರೆದವರೂ ಅವರೇ. ಗಿಡದ ವಿವರಕ್ಕಿಂತ ಹುಡುಗರ ಕೀಟಲೆಯೇ ಹೆಚ್ಚಾಯಿತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಆ ಕೀಟಲೆಯಿಂದಲೇ ಗಿಡ ನೆನಪಿನಲ್ಲಿ ಉಳಿಯುತ್ತದೆ. ಅವರು ತೀರಿಕೊಂಡದ್ದು 1980ರಲ್ಲಿ.

ಮಕ್ಕಳಿಗೆ ಓದಿ ಹೇಳುವವರು 'ಹೊಟ್ಟೆ'ಯಿಂದ ಆರಂಭಿಸುವುದು ಮೇಲು, ಒಂದು ದಿನಕ್ಕೆ ಒಂದು ತರಕಾರಿಯಂತೆ. ಅಡಿಗೆಮನೆಯಲ್ಲೇ ಸಾಮಗ್ರಿ ಸಿಗುತ್ತದೆ. 'ಹಸುರು ಹೊನ್ನಿ'ನಲ್ಲಿ ಶಾಸ್ತ್ರದ ಮಾತುಗಳು ಹೆಚ್ಚು. ಅದನ್ನು ಆಮೇಲೆ ಎತ್ತಿಕೊಳ್ಳಬಹುದು. ಕಾಲೇಜು ಮೆಟ್ಟಿಲೇರಿದವರ ಕೈಗೆ ತೇಜಸ್ವಿಯವರ 'ಕರ್ವಾಲೊ' (1980) ಕೊಡಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋದವರ ಕಥೆ ಅದು. ಹಿಡಿದವರು ಊಟಕ್ಕೆ ಕರೆದರೂ ಏಳುವುದಿಲ್ಲ.