ಗಾಳಿಚೀಲದಿಂದ ಪೇಟೆಂಟಿಗೆ

ಮಾಲೂರು, ಮಾಸ್ತಿ ಕಡೆಗೆ ಸಮುದ್ರವಿಲ್ಲ. ಪಕ್ಕದ ಬೆಂಗಳೂರಿಗೂ ಇಲ್ಲ. ಆದರೂ ಬೆಂಗಳೂರಿನ ಹೆಸರಾಂತ ಔಷಧ ಕಂಪನಿಯೊಂದರ ಮೊದಲ ಸಂಪಾದನೆಯಲ್ಲಿ ಮೀನಿನ ಪಾಲಿದೆ.

1978ರಲ್ಲಿ ಕಿರಣ್ ಮಜುಂದಾರ್ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳ ಹಾಕಿ ಬಯೋಕಾನ್ ಶುರು ಮಾಡಿದರು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದಿದ್ದ ಅವರಿಗೆ ಇಲ್ಲಿನ ಬ್ರೂವರಿಗಳು ಬ್ರೂಮಾಸ್ಟರ್ ಹುದ್ದೆ ಕೊಟ್ಟಿರಲಿಲ್ಲ, ಹೆಣ್ಣೆಂಬುದೇ ಕಾರಣ. ಐರ್ಲೆಂಡಿನ ಕಂಪನಿಯೊಂದು ಕೈಜೋಡಿಸಿತು. ಮೊದಲ ಸರಕು ಎರಡೇ: ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ, ಮೀನಿನಿಂದ ಐಸಿಂಗ್‌ಗ್ಲಾಸ್.

ಮೀನು ನೀರಿನಲ್ಲಿ ತೇಲಲು ಬಳಸುವ ಗಾಳಿಚೀಲವನ್ನು ಬಿಡಿಸಿ, ತೊಳೆದು ಒಣಗಿಸಿದರೆ ಗಟ್ಟಿ ಹಾಳೆಯಾಗುತ್ತದೆ, ಅದೇ ಐಸಿಂಗ್‌ಗ್ಲಾಸ್. ತೆಳು ಆಮ್ಲದಲ್ಲಿ ನೆನೆಹಾಕಿದರೆ ಅದರ ಕೊಲಾಜೆನ್ ಬಿಟ್ಟುಕೊಂಡು ಲೋಳೆಯಾಗುತ್ತದೆ. ಕುದಿಸಿದರೆ ಕೆಟ್ಟಿತು, ಬರೀ ಜಿಲೆಟಿನ್. ಈ ಲೋಳೆಯನ್ನು ಪೀಪಾಯಿಗೆ ಹಾಕಿದಾಗ ಅದರ ಧನ ಆವೇಶಕ್ಕೆ ಯೀಸ್ಟ್ ಕಣಗಳು ಅಂಟಿಕೊಂಡು, ಗಂಟುಗಂಟಾಗಿ ತಳಕ್ಕಿಳಿಯುತ್ತವೆ, ಬಿಯರ್ ತಿಳಿಯಾಗುತ್ತದೆ. ಯುರೋಪಿನವರಿಗೆ ಹಿಂದಿನಿಂದಲೂ ಗೊತ್ತಿದ್ದ ವಿದ್ಯೆ. ಮಾರಿ ಕಾಸು ಮಾಡಬಹುದಿತ್ತು. ಪೇಟೆಂಟ್ ಕೇಳುವ ಹಾಗಿರಲಿಲ್ಲ.

ಆಗಿನ ಕಾನೂನೂ ಬಿಗಿಯಾಗಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು, ಅದೂ ಹೆಚ್ಚೆಂದರೆ 7 ವರ್ಷ. ಬೇರೆ ದಾರಿಯಲ್ಲಿ ಅದೇ ಔಷಧ ಮಾಡಿದವರನ್ನು ತಡೆಯುವವರಿರಲಿಲ್ಲ. ದೇಶದ ಅಗ್ಗದ ಮಾತ್ರೆಗಳ ಉದ್ಯಮ ಬೆಳೆದದ್ದು ಈ ಸಂದಿನಲ್ಲೇ. ಔಷಧಕ್ಕೇ ಪೇಟೆಂಟ್ ಬಂದದ್ದು 2005ರ ಜನವರಿ 1ರಿಂದ.

ಅಷ್ಟರಲ್ಲಿ ಬಯೋಕಾನ್ ಮೀನು ಬಿಟ್ಟು ಕಿಣ್ವಕ್ಕೆ, ಕಿಣ್ವದಿಂದ ಔಷಧಕ್ಕೆ ಹೊರಳಿತ್ತು. 2001ರಲ್ಲಿ ಅಮೆರಿಕದ ಪೇಟೆಂಟ್ ದಕ್ಕಿದ್ದು ಪ್ಲಾಫ್ರ್ಯಾಕ್ಟರ್ ಎಂಬ ಯಂತ್ರಕ್ಕೆ. ಸೂಕ್ಷ್ಮಜೀವಿಗಳನ್ನು ದ್ರವದ ಬದಲು ಘನ ಪದಾರ್ಥದ ಮೇಲೆ ಬೆಳೆಸುವ ಸಾಧನವದು. 2007ರಲ್ಲಿ ಕಿಣ್ವದ ವ್ಯಾಪಾರವನ್ನೂ ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು.

ಕಡಲಿನಿಂದಲೇ ಔಷಧ ಪಡೆದವರ ಕಥೆಯೂ ಇದಕ್ಕೆ ತೀರಾ ದೂರವಿಲ್ಲ. 1950ರ ಸುಮಾರಿಗೆ ರಸಾಯನಶಾಸ್ತ್ರಜ್ಞ ವರ್ನರ್ ಬರ್ಗ್‌ಮನ್ ಫ್ಲಾರಿಡಾ ಬಳಿಯ ಸ್ಪಂಜಿನಲ್ಲಿ ವಿಚಿತ್ರ ನ್ಯೂಕ್ಲಿಯೊಸೈಡ್‌ಗಳನ್ನು, ಅಂದರೆ ಡಿಎನ್‌ಎ ಕಟ್ಟುವ ತುಣುಕುಗಳಂಥ ಅಣುಗಳನ್ನು, ಕಂಡರು. ಅವುಗಳ ಜಾಡಿನಲ್ಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ಸೈಟರಾಬಿನ್, 1969ರಲ್ಲಿ ರಕ್ತಕ್ಯಾನ್ಸರಿಗೆ ಅಮೆರಿಕದ ಒಪ್ಪಿಗೆ ಪಡೆಯಿತು.

ಪ್ರಕೃತಿಯಲ್ಲಿ ಸಿಕ್ಕ ವಸ್ತುವನ್ನು ಹಾಗೇ ಆವಿಷ್ಕಾರ ಎನ್ನಲು ಭಾರತದ ಕಾನೂನು ಇಂದಿಗೂ ಒಪ್ಪುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಇನ್ನೊಂದು ಬಾಗಿಲೂ ಸೇರಿಕೊಂಡಿದೆ: ಕಾರವಾರದ ಬಂಡೆಯಿಂದ ಪಚ್ಚಿಲೆ ಎಂಬ ಚಿಪ್ಪುಜೀವಿ ಕಿತ್ತು ಔಷಧ ಮಾಡಿ ಪೇಟೆಂಟ್ ಬೇಕೆನ್ನುವವರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರಕ್ಕೂ ಅರ್ಜಿ ಹಾಕಬೇಕು.